ಕಿವಿ ಮಷಿನ್ ಬೀರು ಸೇರದಂತೆ ನೋಡಿಕೊಳ್ಳುವುದು ಹೇಗೆ?

ಅಪ್ಪನಿಗೋ ಅಮ್ಮನಿಗೋ ಸಾವಿರಾರು ರೂಪಾಯಿ ಕೊಟ್ಟು ತಂದ ಕಿವಿ ಮಷಿನ್ ಎಷ್ಟೋ ಮನೆಗಳಲ್ಲಿ ಬೀರುವಿನೊಳಗೆ ಕೂತಿದೆ. ಯಾಕೆ ಹಾಕಿಕೊಳ್ಳುತ್ತಿಲ್ಲ ಎಂದರೆ, ‘ಬರೀ ಗದ್ದಲ, ತಲೆ ನೋಯುತ್ತೆ’ ಎನ್ನುತ್ತಾರೆ. ಇಂಥ ಮನೆಗಳನ್ನು ಹತ್ತಿರದಿಂದ ನೋಡಿ ಹೇಳುತ್ತಿದ್ದೇನೆ: ಹೆಚ್ಚಿನ ಕಡೆ ಎಡವಟ್ಟಾಗುವುದು ಮೊದಲ ತಿಂಗಳಲ್ಲೇ.

ಹೆಜ್ಜೆ 1: ಮೊದಲು ವೈದ್ಯರು, ಆಮೇಲೆ ಅಂಗಡಿ

ಗುಗ್ಗೆ ಗಟ್ಟಿಯಾಗಿ ಕಟ್ಟಿಕೊಂಡಿದ್ದರೂ ಕಿವಿ ಮಂದವಾಗುತ್ತದೆ, ಕಿವಿಯೊಳಗಿನ ತಮಟೆ ತೂತಾಗಿದ್ದರೂ ಮಂದವಾಗುತ್ತದೆ. ಅದನ್ನು ಇಎನ್‌ಟಿ ವೈದ್ಯರೇ ನೋಡಿ ಹೇಳಬೇಕು. ಬಿಸಿ ಎಣ್ಣೆ, ಹೇರ್‌ಪಿನ್, ಬಡ್ಸ್ ಯಾವುದೂ ಬೇಡ. ಒಂದೆರಡು ದಿನಗಳಲ್ಲೇ ಇದ್ದಕ್ಕಿದ್ದಂತೆ ಒಂದು ಕಿವಿ ಕೇಳಿಸದಾದರೆ ಅದು ತುರ್ತು ಸ್ಥಿತಿ. ಶೀತ ಇರಬೇಕು, ನಾಳೆ ನೋಡೋಣ ಎಂದು ಕಾಯದೆ ಅಂದೇ ಹೋಗಿ. ಚಿಕಿತ್ಸೆ ಬೇಗ ಶುರುವಾದಷ್ಟೂ ಕಿವಿ ಮರಳುವ ಸಾಧ್ಯತೆ ಹೆಚ್ಚು.

ಹೆಜ್ಜೆ 2: ಪರೀಕ್ಷೆಯ ಚೀಟಿ ಓದಲು ಕಲಿಯಿರಿ

ಕಿವಿ ಪರೀಕ್ಷೆಯ ಚೀಟಿಯಾದ ಆಡಿಯೋಗ್ರಾಮ್‌ನಲ್ಲಿ ಕೆಂಪು ಸೊನ್ನೆಗಳು ಬಲಗಿವಿಯವು, ನೀಲಿ ಗುಣಾಕಾರ ಚಿಹ್ನೆಗಳು ಎಡಗಿವಿಯವು. ಅವನ್ನು ಸೇರಿಸುವ ಗೆರೆ ಕೆಳಗಿಳಿದಷ್ಟೂ ಕಿವಿ ಹೆಚ್ಚು ಮಂದ. ವಯಸ್ಸಿನಿಂದ ಬರುವ ಕಿವುಡಿನಲ್ಲಿ ಈ ಗೆರೆ ಸಾಮಾನ್ಯವಾಗಿ ಬಲತುದಿಯಲ್ಲಿ, ಅಂದರೆ ಕೀರಲು ಸದ್ದುಗಳ ಕಡೆ ಜಾರಿರುತ್ತದೆ. ಸ್ವರಗಳು ದಪ್ಪ ಸದ್ದು, ಅವು ಕೇಳುತ್ತವೆ. ಸ, ಶ, ತ, ಕಗಳಂಥ ತೆಳು ಸದ್ದುಗಳು ಬಿಟ್ಟುಹೋಗುತ್ತವೆ. ‘ಸಕ್ಕರೆ’ ಎಂದರೆ ‘ಅಕ್ಕರೆ’ ಎಂದು ಕೇಳಬಹುದು. ‘ಬೇಕಾದ್ದು ಮಾತ್ರ ಕೇಳಿಸುತ್ತೆ ಇವರಿಗೆ’ ಎಂದು ಹಿರಿಯರನ್ನು ಹಂಗಿಸುವವರು ಈ ಗೆರೆಯನ್ನು ಒಮ್ಮೆ ನೋಡಬೇಕು. ಅವರಿಗೆ ದನಿ ಕೇಳುತ್ತಿದೆ, ಮಾತು ಬಿಡಿಸಿಕೊಳ್ಳಲು ಆಗುತ್ತಿಲ್ಲ.

ಹೆಜ್ಜೆ 3: ಮಷಿನ್

ಎರಡೂ ಕಿವಿ ಮಂದವಿದ್ದರೆ ಎರಡಕ್ಕೂ ಹಾಕಿಸಿ. ದುಡ್ಡು ಸಾಲದಿದ್ದರೆ ದುಬಾರಿ ಒಂದರ ಬದಲು ಸಾಧಾರಣವಾದ ಎರಡು ಕೊಳ್ಳಿ ಎಂಬುದು ನನ್ನ ಖಚಿತ ಸಲಹೆ. ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿಗೆ ಸಿಗುವ ‘ಸೌಂಡ್ ಆಂಪ್ಲಿಫೈಯರ್’ಗಳನ್ನು ಮುಟ್ಟಬೇಡಿ. ಅವು ಎಲ್ಲ ಸದ್ದನ್ನೂ ಒಂದೇ ಸಮ ಎತ್ತುತ್ತವೆ, ಉಳಿದಿರುವ ಕಿವಿಗೂ ಪೆಟ್ಟು ಕೊಡಬಲ್ಲವು. ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞರು, ನಿಮ್ಮ ಆಡಿಯೋಗ್ರಾಮ್ ನೋಡಿ ಪ್ರೋಗ್ರಾಂ ಮಾಡಿಕೊಡಬೇಕು. ಮತ್ತೆ ಮತ್ತೆ ಬಂದು ಸರಿಪಡಿಸಿಕೊಳ್ಳಲು ಅವಕಾಶವಿದೆಯೇ ಎಂದು ದುಡ್ಡು ಕೊಡುವ ಮೊದಲೇ ಕೇಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆಯಿಂದ ಹಿಡಿದು ಮಷಿನ್ ಹೊಂದಿಸುವವರೆಗೆ ಎಲ್ಲವೂ ಒಂದೇ ಕಡೆ ಆಗುತ್ತದೆ. ಬಡ ಹಿರಿಯರಿಗಾದರೆ ಕೇಂದ್ರದ ವಯೋಶ್ರೀ ಯೋಜನೆಯ ಶಿಬಿರಗಳಲ್ಲಿ ಉಚಿತವಾಗಿಯೂ ಸಿಗುತ್ತದೆ.

ಹೆಜ್ಜೆ 4: ಒಗ್ಗಿಸುವುದು

ಇಲ್ಲಿ ಅವಸರ ಮಾಡಿದರೆ ಎಲ್ಲ ಕೆಟ್ಟಿತು. ಮಷಿನ್ ಹಾಕಿಸಿಕೊಂಡು ಬಂದ ವಾರವೇ ಅಮ್ಮನನ್ನು ಮದುವೆ ಛತ್ರಕ್ಕೆ ಕರೆದೊಯ್ದು, ನಾದಸ್ವರ ಡೋಲಿನ ನಡುವೆ ಕೂರಿಸಿ ‘ಈಗ ಕೇಳಿಸ್ತಾ?’ ಎಂದು ಕೇಳುವವರಿದ್ದಾರೆ. ಅವತ್ತು ತೆಗೆದಿಟ್ಟದ್ದನ್ನು ಅವರು ಮತ್ತೆ ಹಾಕಿಕೊಳ್ಳುವುದಿಲ್ಲ.

ವರ್ಷಗಟ್ಟಲೆ ಕೇಳದಿದ್ದ ಫ್ಯಾನಿನ ಗುಂಯ್, ನಲ್ಲಿ ನೀರು, ಪೇಪರಿನ ಸರಪರ, ಬಾಣಲೆಗೆ ತಾಗುವ ಸೌಟು ಎಲ್ಲವೂ ಒಮ್ಮೆಲೇ ನುಗ್ಗುತ್ತವೆ. ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಮಿದುಳು ಮತ್ತೆ ಕಲಿಯಬೇಕು. ಅದಕ್ಕೆ ವಾರಗಳು ಬೇಕು. ಮೊದಲ ದಿನಗಳಲ್ಲಿ ಟಿವಿ ಆರಿಸಿ, ಸದ್ದಿಲ್ಲದ ಕೋಣೆಯಲ್ಲಿ, ಒಬ್ಬರೇ ಎದುರು ಕೂತು ಮಾತಾಡಿ. ಬೆಳಿಗ್ಗೆ ಒಂದೆರಡು ಗಂಟೆ, ಸಂಜೆ ಒಂದೆರಡು ಗಂಟೆ ಸಾಕು. ಪತ್ರಿಕೆಯನ್ನು ಅವರೇ ಗಟ್ಟಿಯಾಗಿ ಓದಲಿ. ತಮ್ಮದೇ ದನಿ ಗಡಿಗೆಯೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಕೇಳುತ್ತದೆ ಎನ್ನುತ್ತಾರೆ, ಅದಕ್ಕೆ ಒಗ್ಗಲು ಈ ಓದು ಒಳ್ಳೆಯ ಉಪಾಯ. ಎರಡು ವಾರವಾದರೂ ಹಾಗೇ ಇದ್ದರೆ ಆಡಿಯಾಲಜಿಸ್ಟ್‌ಗೆ ಹೇಳಿ. ಕಿವಿಯೊಳಗೆ ಕೂರುವ ಮೋಲ್ಡ್‌ನಲ್ಲಿ ಗಾಳಿಗಂಡಿ ದೊಡ್ಡದು ಮಾಡಿದರೆ ಎಷ್ಟೋ ಹಗುರಾಗುತ್ತದೆ. ದಿನದಿನಕ್ಕೆ ಹೊತ್ತು ಹೆಚ್ಚಿಸುತ್ತಾ ಹೋಗಿ. ಆಮೇಲೆ ಇಬ್ಬರ ಮಾತು, ಆಮೇಲೆ ಟಿವಿ, ಆಮೇಲೆ ತರಕಾರಿ ಅಂಗಡಿ. ಛತ್ರ ಕೊನೆಗೆ.

ಒಂದು ನೋಟ್‌ಬುಕ್ ಇಡಿ. ‘ಸರಿಯಿಲ್ಲ’ ಎಂದರೆ ಆಡಿಯಾಲಜಿಸ್ಟ್‌ಗೆ ಏನೂ ತಿಳಿಯುವುದಿಲ್ಲ. ‘ಸ್ಟೀಲ್ ತಟ್ಟೆಯ ಸದ್ದು ಚುಚ್ಚುತ್ತೆ’, ‘ಮೊಮ್ಮಗಳ ಮಾತು ತಿಳಿಯಲ್ಲ, ಮಗನದು ತಿಳಿಯುತ್ತೆ’ ಎಂದು ಬರೆದುಕೊಂಡು ಹೋದರೆ ಅವರು ಕಂಪ್ಯೂಟರಿನಲ್ಲಿ ಆಯಾ ಸದ್ದನ್ನೇ ಏರಿಸಿ ಇಳಿಸುತ್ತಾರೆ. ಮಷಿನ್ ಕುಂಯ್ ಎಂದು ಶಿಳ್ಳೆ ಹೊಡೆದರೆ ಮೊದಲು ಮೋಲ್ಡ್ ಸರಿಯಾಗಿ ಕೂತಿದೆಯೇ ನೋಡಿ, ಆಮೇಲೆ ಕಿವಿಯಲ್ಲಿ ಗುಗ್ಗೆ ಇದೆಯೇ ಎಂದು ವೈದ್ಯರಲ್ಲಿ ನೋಡಿಸಿ. ವಾಲ್ಯೂಮ್ ಇಳಿಸಿ ಶಿಳ್ಳೆ ನಿಲ್ಲಿಸುವುದು ಕಳ್ಳದಾರಿ. ಆಗ ಮಾತೂ ಕೇಳುವುದಿಲ್ಲ.

ಹೆಜ್ಜೆ 5: ಮನೆಯವರ ಪಾಲು

ಅಡುಗೆಮನೆಯಿಂದ ಕೂಗಬೇಡಿ. ಹತ್ತಿರ ಬಂದು, ಮುಖಕ್ಕೆ ಬೆಳಕು ಬೀಳುವಂತೆ ನಿಂತು, ಹೆಸರು ಹಿಡಿದು ಕರೆದು ಮಾತು ಶುರುಮಾಡಿ. ಕಿರುಚಿದರೆ ದನಿ ಒಡೆಯುತ್ತದೆ, ಕಿವಿಯೂ ನೋಯುತ್ತದೆ. ನಿಧಾನವಾಗಿ, ಬಿಡಿಸಿ ಹೇಳಿ. ತಿಳಿಯದಿದ್ದರೆ ಅದೇ ಮಾತನ್ನು ಬೇರೆ ಪದಗಳಲ್ಲಿ ಹೇಳಿ. ಮಿಕ್ಸಿ ಓಡುತ್ತಿರುವಾಗ ಮಾತೇ ಬೇಡ. ‘ಏನಿಲ್ಲ ಬಿಡಿ, ಆಮೇಲೆ ಹೇಳ್ತೀನಿ’ ಎಂಬ ಮಾತಿನಷ್ಟು ಅವರನ್ನು ಒಂಟಿ ಮಾಡುವ ಮಾತು ಇನ್ನೊಂದಿಲ್ಲ, ಅದನ್ನು ಇವತ್ತೇ ನಿಲ್ಲಿಸಿ.

ಹೆಜ್ಜೆ 6: ಆರೈಕೆ

ರಾತ್ರಿ ಒಣಬಟ್ಟೆಯಲ್ಲಿ ಒರೆಸಿ, ಬ್ಯಾಟರಿ ಬಾಗಿಲು ತೆರೆದು, ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ; ಮಳೆಗಾಲದ ಮಲೆನಾಡು, ಕರಾವಳಿಯಲ್ಲಿ ಇದನ್ನು ತಪ್ಪಿಸಲೇಬೇಡಿ. ಬಿಸಾಡುವ ಬಗೆಯ ಬ್ಯಾಟರಿಯಾದರೆ ಸ್ಟಿಕರ್ ಕಿತ್ತ ಮೇಲೆ ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಹಾಕಿ, ಅದು ಗಾಳಿಯಿಂದಲೇ ಜೀವ ಪಡೆಯುವ ಬ್ಯಾಟರಿ. ಎರಡು ಮಷಿನ್ ಇದ್ದರೆ ಕೆಂಪು ಗುರುತಿನದು ಬಲಗಿವಿಗೆ, ನೀಲಿಯದು ಎಡಗಿವಿಗೆ.