ಗ್ಯಾಸ್ ಕಿತ್ತು ಡೀಸೆಲ್ ಹೀಟರ್ ಹಾಕಿಸಿದೆ: ನನ್ನ ಅನುಭವ

ಬನ್ನಿಮಂಟಪದ ಗ್ಯಾರೇಜಲ್ಲಿ, ಅಡುಗೆ ಮಾಡ್ಕೊಂಡು ಒಳಗೇ ಮಲಗೋ ಥರ ಮಾಡಿಸಿರೋ ನನ್ನ ಟಿಟಿ (ಟೆಂಪೋ ಟ್ರಾವೆಲರ್) ಗಾಡಿಯ ತಳಕ್ಕೆ ತೂತು ಕೊರೀತಾ ಮೇಸ್ತ್ರಿ, "ಮೈಸೂರಲ್ಲಿ ಹೀಟರ್ ಯಾಕೆ ಸಾರ್, ಏಸಿ ಹಾಕ್ಸಿ" ಅಂದ್ರು. ಬಾಮೈದನಂತೂ "ಭಾವ, ಹೊಳೇಲಿ ಹುಣಸೆಹಣ್ಣು ಕಿವುಚ್ದಂಗಾಯ್ತು" ಅಂತ ನಕ್ಕ. ಈ ಜನವರೀಲಿ ಅದೇ ಬಾಮೈದ ಊಟಿ ಚಳೀಲಿ ನನ್ನ ಗಾಡಿಯೊಳಗೆ ಬರೀ ಬನಿಯನ್ನಲ್ಲಿ ಗೊರಕೆ ಹೊಡೀತಿದ್ದ.

ಮೊದಲು ನಾನೂ ಗ್ಯಾಸ್ ಪಕ್ಷವೇ. ಅಡುಗೆಗೆ 5 ಕೆಜಿ ಸಿಲಿಂಡರ್ ಹೇಗೂ ಇತ್ತು, ಮೂರು ಸಾವಿರ ಚಿಲ್ಲರೆಗೆ ಒಂದು ರೂಮ್ ಹೀಟರ್ ತಂದೆ. ಹೊಗೆ ಹೊರಗೆ ಹೋಗೋ ದಾರಿ ಇಲ್ಲದ ಹೀಟರ್ ಅದು. ಒಂದು ಕೆಜಿ ಗ್ಯಾಸ್ ಉರಿದರೆ ಒಂದೂವರೆ ಲೀಟರಿಗೂ ಮೀರಿ ನೀರು ಆವಿಯಾಗಿ ಒಳಗೇ ನಿಲ್ಲುತ್ತೆ. ಬೆಳಗ್ಗೆ ಗಾಜು, ಗೋಡೆ ಎಲ್ಲಾ ಬೆವರು. ಪ್ಲೈವುಡ್ ಉಬ್ಬಿ, ಬದಲಾಯಿಸೋಕೆ ಒಂಬತ್ತು ಸಾವಿರ ಹೋಯ್ತು. ಇನ್ನೊಂದು ತರಲೆ: ಸೊನ್ನೆ ಡಿಗ್ರಿ ಹತ್ತಿರದ ಚಳಿಗೆ ಗ್ಯಾಸಲ್ಲಿರೋ ಬ್ಯೂಟೇನ್ ಆವಿಯಾಗೋದೇ ಇಲ್ಲ, ಎಳೆದಷ್ಟೂ ಸಿಲಿಂಡರ್ ಇನ್ನಷ್ಟು ತಣ್ಣಗಾಗುತ್ತೆ. ಬೆಳಗಿನ ಜಾವ ಐದಕ್ಕೆ ಅಲ್ಲಾಡಿಸಿದರೆ ಒಳಗೆ ಅರ್ಧ ಇದೆ, ಉರಿ ಮಾತ್ರ ಇಲ್ಲ. ಮೂರನೇ ರಾತ್ರಿ ಹೆಂಡತಿಗೆ ತಲೆನೋವು, ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿ ಪತ್ತೆ ಮಾಡೋ ಅಲಾರಂ ಕಿರುಚಿತು. ಆ ಅಲಾರಂಗೆ ಕೊಟ್ಟ ದುಡ್ಡೊಂದಕ್ಕೆ ನಾನು ಯಾವತ್ತೂ ಲೆಕ್ಕ ಕೇಳಿಲ್ಲ.

ಹೊಗೆ ಕೊಳವೆ ಇರೋ ವಿದೇಶಿ ಗ್ಯಾಸ್ ಹೀಟರ್ ಒಳ್ಳೇದೇ. ಬೆಲೆ ಕೇಳಿ ಫೋನ್ ಇಟ್ಟೆ.

ನಡುವೆ ಒಂದು ಹುಚ್ಚೂ ಮಾಡಿದೆ. ನಮ್ಮ ಮಂಡ್ಯದ ಮನೆಯಲ್ಲಿ ಹಂಡೆ ನೀರು ಮಧ್ಯಾಹ್ನದವರೆಗೂ ಬಿಸಿ ಇರುತ್ತಲ್ಲ, ಹಾಗೇ 20 ಲೀಟರ್ ಕುದಿನೀರನ್ನ ಸ್ಟೀಲ್ ಕ್ಯಾನಿಗೆ ತುಂಬಿ ಕಂಬಳಿ ಸುತ್ತಿ ಮಂಚದ ಕೆಳಗಿಟ್ಟೆ. ಒಂದು ಗಂಟೆವರೆಗೆ ಸ್ವರ್ಗ, ಆಮೇಲೆ ಬರೀ ಭಾರ.

ಕೊನೆಗೆ ಚೀನಾ ಡೀಸೆಲ್ ಹೀಟರ್, ಹದಿಮೂರೋ ಹದಿನಾಲ್ಕೋ ಸಾವಿರ. ಇದರ ಹೊಗೆ ತಳದ ತೂತಿಂದ ಹೊರಗೇ ಹೋಗುತ್ತೆ. ಪೆಟ್ಟಿಗೆ ಮೇಲೆ 5 ಕಿಲೋವಾಟ್ ಅಂತಿತ್ತು, ನನಗೆ ಅಷ್ಟು ಕೊಡಲ್ಲ ಅನ್ಸುತ್ತೆ. ಮೊದಲ ವಾರ ಸರಿಯಾಗಿ ಹೊತ್ತದೆ ಬರೀ ಬಿಳಿ ಹೊಗೆ. ಹೊತ್ತಿಸೋವಾಗ ಗ್ಲೋ ಪ್ಲಗ್ (ಕಾದು ಡೀಸೆಲಿಗೆ ಕಿಡಿ ಹಚ್ಚೋ ಕಡ್ಡಿ) ಹತ್ತು ಆಂಪಿಯರ್ ಎಳೆಯುತ್ತೆ, ಮಾರಿದವನು ಕೊಟ್ಟಿದ್ದ ದಾರದಂಥ ವೈರಲ್ಲೇ ವೋಲ್ಟೇಜ್ ಸತ್ತುಹೋಗ್ತಿತ್ತು. ಬ್ಯಾಟರಿಯಿಂದ ನೇರವಾಗಿ 6 ಎಂಎಂ ವೈರ್ ಎಳೆದೆ, ಒಂದೇ ಸಲಕ್ಕೆ ಹೊತ್ತಿತು. ಹೀಟರಿಗೆ ಡೀಸೆಲ್ ತಳ್ಳೋ ಪಂಪನ್ನ ಅಡ್ಡಡ್ಡ ಮಲಗಿಸಿದ್ದು ಎರಡನೇ ತಪ್ಪು. ಡೀಸೆಲ್ ಹೊರಬರೋ ಬಾಯಿ ಮೇಲೆ ಮಾಡಿ ಓರೆಯಾಗಿ ಕೂರಿಸದಿದ್ದರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತೆ.

ಊಟಿಯಲ್ಲಿ ಇನ್ನೊಂದು ತಲೆನೋವು, ಹೀಟರೊಳಗೆ ಮಸಿ. 2,240 ಮೀಟರ್ ಎತ್ತರದಲ್ಲಿ ಗಾಳಿ ತೆಳು, ಡೀಸೆಲ್ ಮಾತ್ರ ಅಷ್ಟೇ ಬೀಳ್ತಿತ್ತು. ಜೊತೆಗೆ ನಾನು ರಾತ್ರಿಯಿಡೀ ಸಣ್ಣ ಉರೀಲಿ ಬಿಟ್ಟಿದ್ದೆ. ಈಗ ಆರಿಸೋ ಮುಂಚೆ ಕಾಲು ಗಂಟೆ ಜೋರಾಗಿ ಓಡಿಸ್ತೀನಿ, ಪಂಪಿನ ವೇಗವನ್ನೂ ಇಳಿಸಿದ್ದೀನಿ. ಎಷ್ಟಕ್ಕೆ ಅಂತ ನಿಮ್ಮ ಗಾಡೀಲಿ ನೀವೇ ನೋಡ್ಕೊಳ್ಳಿ.

ರಾತ್ರಿ ಒಂಬತ್ತರಿಂದ ಬೆಳಗ್ಗೆ ಐದರವರೆಗೆ ಒಂದೂವರೆ ಲೀಟರ್, ಅಂದ್ರೆ ನೂರೈವತ್ತು ರೂಪಾಯಿ ಒಳಗೆ. ಬಂಡೀಪುರದಲ್ಲಿ ರಾತ್ರಿ ಒಂಬತ್ತಕ್ಕೆ ಗೇಟ್ ಬೀಳುತ್ತೆ, ಸಿಕ್ಕಿಕೊಂಡರೂ ಗುಂಡ್ಲುಪೇಟೆ ಕಡೆ ಬೆಚ್ಚಗೆ ಮಲಗಬಹುದು. ಗ್ಯಾಸ್ ಈಗ ಕಾಫಿಗಷ್ಟೇ.

ಪಂಪಿನ ಟಕ್ ಟಕ್ ಸದ್ದನ್ನ ಹೇಗೆ ಅಡಗಿಸಿದೆ ಅಂತ ಮೇಸ್ತ್ರಿಗೂ ಹೇಳಿಲ್ಲ. ಇನ್ನೆರಡು ಗಾಡಿಗೆ ಹಾಕಬೇಕಂತೆ, ದಿನಾ ಫೋನ್ ಮಾಡ್ತಾರೆ.