ಭ್ರಷ್ಟಾಚಾರದ ಲೆಕ್ಕ ಹುಡುಕುವುದು ಹೇಗೆ?

2024ರ ಭ್ರಷ್ಟಾಚಾರ ಗ್ರಹಿಕೆ ಸೂಚ್ಯಂಕದಲ್ಲಿ ಭಾರತಕ್ಕೆ ನೂರಕ್ಕೆ 38 ಅಂಕ, 180 ದೇಶಗಳ ಪೈಕಿ 96ನೇ ಸ್ಥಾನ. ಇಲ್ಲಿ ಅಂಕ ಹೆಚ್ಚಿದಷ್ಟೂ ಭ್ರಷ್ಟಾಚಾರ ಕಡಿಮೆ ಎಂದರ್ಥ. ಹಿಂದಿನ ವರ್ಷ 39 ಅಂಕ, 93ನೇ ಸ್ಥಾನ. ಹಾಗಾದರೆ ಒಂದೇ ವರ್ಷದಲ್ಲಿ ಲಂಚ ಜಾಸ್ತಿ ಆಯಿತು ಎನ್ನಬಹುದಾ? ಖಂಡಿತ ಇಲ್ಲ. ಕಾಲೇಜಿನ ಪ್ರಾಜೆಕ್ಟಿಗೋ, ಊರಿನ ಸಂಘದ ಮನವಿಗೋ ಇಂಥ ಅಂಕಿ ಹುಡುಕುವವರು ಮೊದಲು ಎಡವುವುದು ಇಲ್ಲೇ.

ಪ್ರಶ್ನೆಯನ್ನು ಚಿಕ್ಕದು ಮಾಡಿ

‘ನಮ್ಮ ರಾಜ್ಯದಲ್ಲಿ ಭ್ರಷ್ಟಾಚಾರ ಎಷ್ಟಿದೆ?’ ಎಂಬುದಕ್ಕೆ ಉತ್ತರ ಕೊಡುವ ಅಂಕಿ ಎಲ್ಲೂ ಇಲ್ಲ. ಖಾತೆ ಬದಲಾವಣೆಗೆ ಜನ ಲಂಚ ಕೊಡುತ್ತಿದ್ದಾರಾ? ರಸ್ತೆ ಕಾಮಗಾರಿಯ ದುಡ್ಡು ಎಷ್ಟು ಸೋರುತ್ತಿದೆ? ಸಿಕ್ಕಿಬಿದ್ದವರಿಗೆ ಶಿಕ್ಷೆ ಆಗುತ್ತಿದೆಯಾ? ಇವು ಮೂರು ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ಜನರನ್ನು ಕೇಳಬೇಕು, ಎರಡನೆಯದಕ್ಕೆ ರಸ್ತೆಯನ್ನೇ ಅಳೆಯಬೇಕು, ಮೂರನೆಯದಕ್ಕೆ ಕೋರ್ಟಿನ ದಾಖಲೆ ಬೇಕು. ನಿಮಗೆ ಬೇಕಾದದ್ದು ಯಾವುದು ಎಂದು ಒಂದೇ ವಾಕ್ಯದಲ್ಲಿ ಬರೆದುಕೊಂಡ ಮೇಲೆ ಹುಡುಕಾಟ ಶುರು ಮಾಡಿ.

ಯಾರನ್ನು ಕೇಳಿದ್ದಾರೆ?

ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸಂಸ್ಥೆಯ ಗ್ರಹಿಕೆ ಸೂಚ್ಯಂಕ ಉದ್ಯಮಿಗಳು ಮತ್ತು ಪರಿಣತರ ಅಭಿಪ್ರಾಯದ ಮೇಲೆ ನಿಂತಿದೆ. ತಾಲ್ಲೂಕು ಕಚೇರಿಯ ಸಾಲಿನಲ್ಲಿ ನಿಂತವರನ್ನು ಅದು ಕೇಳುವುದಿಲ್ಲ. ಅಂಕದ ಜೊತೆ ತಪ್ಪಿನ ಅಂತರವನ್ನೂ (ಅಂಕ ಎಷ್ಟು ಆಚೀಚೆ ಇರಬಹುದು ಎಂಬ ಅಂದಾಜು) ಸಂಸ್ಥೆಯೇ ಕೊಡುತ್ತದೆ. ಒಂದು ಅಂಕದ ಏರಿಳಿತ ಸಾಮಾನ್ಯವಾಗಿ ಅದರೊಳಗೇ ಮುಗಿದುಹೋಗುತ್ತದೆ. 2012ರಲ್ಲಿ ಲೆಕ್ಕದ ವಿಧಾನವೇ ಬದಲಾಗಿದೆ, ಅದಕ್ಕಿಂತ ಹಿಂದಿನ ಅಂಕಗಳನ್ನು ಈಗಿನವುಗಳ ಪಕ್ಕ ಇಡಬೇಡಿ.

ವಿಶ್ವಬ್ಯಾಂಕ್ 1996ರಿಂದೀಚೆಗೆ ಆಡಳಿತವನ್ನು ಆರು ಭಾಗ ಮಾಡಿ ಅಳೆಯುತ್ತಿದೆ. ಭ್ರಷ್ಟಾಚಾರ ನಿಯಂತ್ರಣ ಅದರಲ್ಲೊಂದು. ಆದರೆ ಈ ಎರಡೂ ಸೂಚ್ಯಂಕಗಳ ಹಿಂದಿನ ಹಲವು ಮೂಲಗಳು ಒಂದೇ. ಎರಡೂ ಒಂದೇ ಮಾತು ಹೇಳಿದರೆ ಎರಡು ಸಾಕ್ಷಿ ಸಿಕ್ಕಂತಾಗುವುದಿಲ್ಲ.

ಜನಸಾಮಾನ್ಯರ ಅನುಭವ ಬೇಕಿದ್ದರೆ ಅದೇ ಟ್ರಾನ್ಸ್‌ಪರೆನ್ಸಿ ಸಂಸ್ಥೆಯ ‘ಗ್ಲೋಬಲ್ ಕರಪ್ಷನ್ ಬ್ಯಾರೋಮೀಟರ್’ ನೋಡಿ. 2020ರ ಸಮೀಕ್ಷೆಯಲ್ಲಿ, ಹಿಂದಿನ 12 ತಿಂಗಳಲ್ಲಿ ಸರ್ಕಾರಿ ಸೇವೆ ಪಡೆದ ಭಾರತೀಯರಲ್ಲಿ ಶೇ 39ರಷ್ಟು ಮಂದಿ ಲಂಚ ಕೊಟ್ಟಿದ್ದಾಗಿ ಹೇಳಿದ್ದರು. ತಮಾಷೆ ನೋಡಿ, ಅದೇ ವರ್ಷ ಗ್ರಹಿಕೆ ಸೂಚ್ಯಂಕದಲ್ಲಿ ಭಾರತಕ್ಕೆ ಸಿಕ್ಕಿದ್ದು 40 ಅಂಕ. ಎರಡಕ್ಕೂ ಸಂಬಂಧವೇ ಇಲ್ಲ. ಒಂದರಲ್ಲಿ ಅಂಕ ಏರಿದರೆ ಒಳ್ಳೆಯದು, ಇನ್ನೊಂದರಲ್ಲಿ ಇಳಿದರೆ ಒಳ್ಳೆಯದು.

ಕೇಸುಗಳ ಲೆಕ್ಕದಲ್ಲಿ ಹುಷಾರ್

ರಾಜ್ಯದ ಮಟ್ಟಕ್ಕೆ ಬಂದರೆ ಎಲ್ಲರೂ ಮೊದಲು ಕೈಹಾಕುವುದು ಲೋಕಾಯುಕ್ತದ ಅಂಕಿಗೆ. ಕರ್ನಾಟಕದಲ್ಲಿ ಇದೊಂದು ದೊಡ್ಡ ಗುಂಡಿ. 2016ರ ಮಾರ್ಚ್‌ನಲ್ಲಿ ಸರ್ಕಾರ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ರಚಿಸಿತು. ಭ್ರಷ್ಟಾಚಾರ ತಡೆ ಕಾಯ್ದೆಯಡಿ ಹೊಸ ಕೇಸು ದಾಖಲಿಸುವ ಅಧಿಕಾರ ಲೋಕಾಯುಕ್ತ ಪೊಲೀಸರ ಕೈತಪ್ಪಿತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನು ರದ್ದುಮಾಡಿತು, ಅಧಿಕಾರ ಲೋಕಾಯುಕ್ತಕ್ಕೆ ಮರಳಿತು. ಲೋಕಾಯುಕ್ತದ ಟ್ರ್ಯಾಪ್ ಕೇಸುಗಳನ್ನಷ್ಟೇ (ಲಂಚ ಪಡೆಯುವಾಗಲೇ ಬಲೆ ಬೀಸಿ ಹಿಡಿದ ಕೇಸುಗಳು) ಎಣಿಸಿದರೆ, ಆರು ವರ್ಷ ರಾಜ್ಯದಲ್ಲಿ ರಾಮರಾಜ್ಯ ಇತ್ತು ಅಂತ ಅನ್ನಿಸಬೇಕು! ಆ ಅವಧಿಗೆ ಎಸಿಬಿಯ ಲೆಕ್ಕವನ್ನೂ ಸೇರಿಸಿಕೊಳ್ಳಿ. ಆಡಳಿತದ ಲೋಪದ ಬಗ್ಗೆ ಲೋಕಾಯುಕ್ತಕ್ಕೆ ಬರುವ ದೂರುಗಳೇ ಬೇರೆ, ಅಲ್ಲಿನ ಪೊಲೀಸರು ಹಾಕುವ ಕೇಸುಗಳೇ ಬೇರೆ. ಅವೆರಡನ್ನೂ ಕೂಡಿಸಬೇಡಿ.

ಇನ್ನೂ ಒಂದಿದೆ. ಟ್ರ್ಯಾಪ್ ನಡೆಯಬೇಕಾದರೆ ದೂರು ಕೊಡುವವನೊಬ್ಬ ಬೇಕು. ಪಹಣಿ ತಿದ್ದುಪಡಿಗೆ ಅಲೆದು ಸಾಕಾದ ರೈತ ದೂರು ಕೊಟ್ಟಾನು. ಆದರೆ ಕಂಟ್ರಾಕ್ಟರು ಮತ್ತು ಎಂಜಿನಿಯರು ಹಂಚಿಕೊಂಡು ತಿಂದ ಕಡೆ ದೂರು ಕೊಡುವವರು ಯಾರು? ಹಾಗಾಗಿ ಈ ಲೆಕ್ಕದಲ್ಲಿ ಚಿಲ್ಲರೆ ಲಂಚ ಎದ್ದು ಕಾಣುತ್ತದೆ, ದೊಡ್ಡ ಕಮಿಷನ್ ಮರೆಯಾಗುತ್ತದೆ. ರಾಜ್ಯ ರಾಜ್ಯಗಳನ್ನು ಹೋಲಿಸಲು ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ) ವರದಿ ಹಿಡಿದರೂ ಇದೇ ಕಥೆ. ಕೇಸು ಜಾಸ್ತಿ ಇರುವ ರಾಜ್ಯದಲ್ಲಿ ಲಂಚವೇ ಜಾಸ್ತಿ ಇರಬಹುದು, ಅಥವಾ ಪೊಲೀಸರು ಚುರುಕಾಗಿರಬಹುದು. ಆ ಅಂಕಿಯೊಂದರಿಂದಲೇ ಯಾವುದೆಂದು ಹೇಳಲಾಗದು.

ದುಡ್ಡಿನ ಬೆನ್ನು ಹತ್ತಿ

ನನಗೆ ಹೆಚ್ಚು ನಂಬಿಕೆ ಇರುವುದು ಈ ದಾರಿಯ ಮೇಲೆ. ಇಂಡೊನೇಷ್ಯಾದ ಜಾವಾದಲ್ಲಿ ಅರ್ಥಶಾಸ್ತ್ರಜ್ಞ ಬೆಂಜಮಿನ್ ಓಲ್ಕನ್ 600ಕ್ಕೂ ಹೆಚ್ಚು ಹಳ್ಳಿಗಳ ಹೊಸ ರಸ್ತೆಗಳನ್ನು ಅಧ್ಯಯನ ಮಾಡಿದರು. ಎಂಜಿನಿಯರ್‌ಗಳು ರಸ್ತೆ ಅಗೆದು ಎಷ್ಟು ಕಲ್ಲು, ಮರಳು ಹಾಕಿದ್ದಾರೆ ಎಂದು ಅಳೆದರು. ಅದನ್ನು ಲೆಕ್ಕಪತ್ರದಲ್ಲಿದ್ದ ಅಂಕಿಯ ಜೊತೆ ಹೋಲಿಸಿದರು. ಹಳ್ಳಿಯವರ ಅಭಿಪ್ರಾಯವನ್ನೂ ಕೇಳಿದ್ದರು. ಬೆಲೆ ಏರಿಸಿ ಬರೆದರೆ ಜನರಿಗೆ ವಾಸನೆ ಬಡಿಯುತ್ತಿತ್ತು, ಹಾಕದ ಜಲ್ಲಿಯನ್ನು ಹಾಕಿದೆವೆಂದು ಬರೆದರೆ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಕದಿಯುವವರೂ ಹೆಚ್ಚಾಗಿ ಎರಡನೆಯ ದಾರಿಯನ್ನೇ ಹಿಡಿದಿದ್ದರು.

ಉಗಾಂಡಾದಲ್ಲಿ ಇನ್ನೂ ಸರಳವಾಗಿ ಮಾಡಿದರು. ಸರ್ಕಾರ ಬಿಡುಗಡೆ ಮಾಡಿದ್ದೆಷ್ಟು, ಶಾಲೆಗೆ ಮುಟ್ಟಿದ್ದೆಷ್ಟು ಎಂದು ತಾಳೆ ನೋಡಿದರು. 1991–95ರಲ್ಲಿ ಶಾಲೆಗಳಿಗೆ ಮೀಸಲಾದ ಅನುದಾನದಲ್ಲಿ ಸರಾಸರಿ ಶೇ 13ರಷ್ಟು ಮಾತ್ರ ತಲುಪಿತ್ತು.

ನಮ್ಮಲ್ಲಿ ಇದಕ್ಕೆ ಹತ್ತಿರದ ಮೂಲ ಸಿಎಜಿ ವರದಿ, ಅಂದರೆ ಸರ್ಕಾರದ ಖರ್ಚಿನ ಲೆಕ್ಕ ಪರಿಶೋಧಿಸುವ ಮಹಾಲೇಖಪಾಲರ ವರದಿ. ಓದಲು ಬೇಸರ, ಆದರೆ ಇಲಾಖೆ, ಕಾಮಗಾರಿ, ಮೊತ್ತ ಎಲ್ಲ ಇರುತ್ತದೆ. ನಿಮ್ಮದೇ ಊರಿನ ಕಾಮಗಾರಿಯಾದರೆ ಮಾಹಿತಿ ಹಕ್ಕಿನಡಿ ಅಂದಾಜು ಪಟ್ಟಿ, ಅಳತೆ ಪುಸ್ತಕ (ಆದ ಕೆಲಸದ ಅಳತೆ ಬರೆದಿಡುವ ಪುಸ್ತಕ), ಬಿಲ್ಲು ಮೂರನ್ನೂ ಕೇಳಿ. ಬರೀ ಬಿಲ್ಲು ತಂದರೆ ಪ್ರಯೋಜನವಿಲ್ಲ.

ನೀವೇ ಸಮೀಕ್ಷೆ ಮಾಡುವುದಾದರೆ

ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 1990ರ ದಶಕದಲ್ಲಿ ನಾಗರಿಕರಿಂದ ಸೇವಾ ಸಂಸ್ಥೆಗಳಿಗೆ ಅಂಕ ಕೊಡಿಸಿ, ಕೆಲವು ವರ್ಷಗಳ ನಂತರ ಮತ್ತೆ ಅದನ್ನೇ ಮಾಡಿತ್ತು. ಬದಲಾವಣೆ ಗೊತ್ತಾಗುವುದು ಹಾಗೆ ಮತ್ತೆ ಮತ್ತೆ ಕೇಳಿದಾಗಲೇ. ‘ಲಂಚ ಇದೆಯಾ?’ ಎಂದು ಕೇಳಬೇಡಿ, ಎಲ್ಲರೂ ಇದೆ ಅಂತಾರೆ. ‘ಈ ವರ್ಷ ಆ ಕಚೇರಿಗೆ ಹೋಗಿದ್ದಿರಾ, ಕೊಟ್ಟಿರಾ, ಎಷ್ಟು?’ ಎಂದು ಕೇಳಿ. ಕಚೇರಿಗೆ ಹೋಗದವರನ್ನು ಲೆಕ್ಕದಿಂದ ಬಿಡಿ. ಲಂಚ ಕೊಟ್ಟ ಅನುಭವವನ್ನು ಜನರೇ ಬರೆಯುವ ‘ಐ ಪೇಯ್ಡ್ ಎ ಬ್ರೈಬ್’ನಂಥ ತಾಣಗಳಲ್ಲಿ ಬರೆಯುವವರು ಹೆಚ್ಚಾಗಿ ಸಿಟ್ಟು ಬಂದವರು. ಯಾವ ಕೆಲಸಕ್ಕೆ ಎಷ್ಟು ಕೇಳುತ್ತಾರೆ ಎಂಬುದು ಅಲ್ಲಿ ತಿಳಿಯುತ್ತದೆ, ಎಷ್ಟು ಮಂದಿ ಕೊಡುತ್ತಾರೆ ಎಂಬುದು ತಿಳಿಯುವುದಿಲ್ಲ. ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ರಾಜ್ಯದ ‘ಸಕಾಲ’ ಯೋಜನೆಯ ಅಂಕಿಯಲ್ಲಿ ಅರ್ಜಿ ತಡವಾಯಿತಾ ಎಂಬುದಿದೆ, ಕೈ ಬೆಚ್ಚಗೆ ಮಾಡಿದ ಮೇಲೆ ಬೇಗ ಆಯಿತಾ ಎಂಬುದಿಲ್ಲ.

ಹೆಸರು ದೊಡ್ಡದು ಎಂದು ಸುಮ್ನೆ ನಂಬಬೇಡಿ. ಯಾವ ದೇಶದಲ್ಲಿ ವ್ಯಾಪಾರ ಮಾಡುವುದು ಎಷ್ಟು ಸುಲಭ ಎಂದು ಅಳೆಯುತ್ತಿದ್ದ ವಿಶ್ವಬ್ಯಾಂಕಿನ ‘ಡೂಯಿಂಗ್ ಬಿಸಿನೆಸ್’ ವರದಿ ಅಂಕಿಗಳ ಅಕ್ರಮದಿಂದಾಗಿ 2021ರಲ್ಲಿ ನಿಂತೇಹೋಯಿತು. ಅಂಕಿ ಎತ್ತಿಕೊಳ್ಳುವಾಗ ವಿಧಾನದ ಟಿಪ್ಪಣಿಯನ್ನೂ ಇಳಿಸಿಕೊಳ್ಳಿ. ಕಡತದ ಮೇಲೆ ದಿನಾಂಕ ಬರೆಯಿರಿ, ಏಕೆಂದರೆ ವಿಶ್ವಬ್ಯಾಂಕ್ ತನ್ನ ಆಡಳಿತ ಸೂಚಕಗಳ ಹಳೆಯ ವರ್ಷದ ಅಂಕಿಗಳನ್ನೂ ಆಗಾಗ ತಿದ್ದುತ್ತದೆ.