ಕ್ಯಾಸಿನೊ ಸವಲತ್ತು: ಯಾವುದನ್ನು ಯಾರ ಹತ್ತಿರ ಕೇಳಬೇಕು?

ಕ್ಯಾಸಿನೊದಲ್ಲಿ ಆಡುವವರಿಗೆ ಪುಕ್ಕಟೆ ಊಟ, ರೂಮು, ಶೋ ಟಿಕೆಟ್ ಸಿಗುವುದುಂಟು. ಇವಕ್ಕೆಲ್ಲ ಒಟ್ಟಾಗಿ ಕಾಂಪ್ ಎನ್ನುತ್ತಾರೆ. ಸಿಗುವಷ್ಟು ಆಡಿಯೂ ಬರಿಗೈಯಲ್ಲಿ ಹೊರಡುವವರು ಬಹಳ ಜನ. ಕೇಳಿರುತ್ತಾರೆ, ಆದರೆ ಕೊಡುವ ಅಧಿಕಾರವೇ ಇಲ್ಲದವರನ್ನು ಕೇಳಿರುತ್ತಾರೆ. ಟೇಬಲ್‌ನಲ್ಲಿ ಆಟ ನಡೆಸುವ ಡೀಲರ್ ಊಟದ ಚೀಟಿ ಬರೆಯುವಂತಿಲ್ಲ. ಹೋಟೆಲ್ ರಿಸೆಪ್ಷನ್‌ನವರು ತಮ್ಮಷ್ಟಕ್ಕೆ ಬಿಲ್ ಮನ್ನಾ ಮಾಡುವಂತಿಲ್ಲ. ಕೇಜ್ ಎಂದು ಕರೆಯುವ ಕ್ಯಾಷ್ ಕೌಂಟರ್ ಚಿಪ್ಸ್ ಮತ್ತು ಸಾಲದ ವ್ಯವಹಾರಕ್ಕಷ್ಟೇ. ಉಳಿಯುವುದು ಮೂರು ಬಾಗಿಲು: ಪ್ಲೇಯರ್ಸ್ ಕ್ಲಬ್ ಕೌಂಟರ್, ಟೇಬಲ್‌ಗಳ ಹಿಂದೆ ನಿಂತಿರುವ ಫ್ಲೋರ್ ಸೂಪರ್‌ವೈಸರ್, ಮತ್ತು ಆಟಗಾರರನ್ನು ವಿಚಾರಿಸಿಕೊಳ್ಳಲೆಂದೇ ಇರುವ ಕ್ಯಾಸಿನೊ ಸಿಬ್ಬಂದಿ, ಅಂದರೆ ಹೋಸ್ಟ್.

ಮೊದಲು ನಿಮ್ಮ ಲೆಕ್ಕ ನೀವೇ ಹಾಕಿ

ಕೇಳುವ ಮುನ್ನ ಎಷ್ಟು ಕೇಳಬಹುದು ಎಂಬ ಅಂದಾಜಿರಬೇಕು. ನೀವು ಆ ದಿನ ಎಷ್ಟು ಸೋತಿರಿ ಎನ್ನುವುದಕ್ಕಿಂತ, ನಿಮ್ಮ ಆಟದಿಂದ ಎಷ್ಟು ಗಳಿಕೆ ನಿರೀಕ್ಷಿಸಬಹುದು ಎಂಬುದನ್ನು ಕ್ಯಾಸಿನೊ ಹೆಚ್ಚು ನೋಡುತ್ತದೆ. ಇದಕ್ಕೆ ಥಿಯೊ ಎಂದು ಹೆಸರು. ಸರಾಸರಿ ಬೆಟ್, ಗಂಟೆಗೆ ಎಷ್ಟು ಸುತ್ತು, ಎಷ್ಟು ಗಂಟೆ, ಮನೆಯ (ಅಂದರೆ ಕ್ಯಾಸಿನೊದ) ಪಾಲು ಶೇಕಡಾ ಎಷ್ಟು, ಈ ನಾಲ್ಕನ್ನೂ ಗುಣಿಸಿದರೆ ಬರುವ ಮೊತ್ತ ಅದು.

ಬ್ಲ್ಯಾಕ್‌ಜಾಕ್‌ನಲ್ಲಿ 100ರ ಬೆಟ್, ಗಂಟೆಗೆ 60 ಸುತ್ತು, 4 ಗಂಟೆ ಎಂದುಕೊಳ್ಳಿ. ಒಟ್ಟು ಪಣ 24,000. ಮನೆಯ ಪಾಲನ್ನು ಶೇ 1 ಎಂದು ಹಿಡಿದರೆ ಥಿಯೊ 240. ಎರಡು ಸೊನ್ನೆಯ ರೂಲೆಟ್‌ನಲ್ಲಿ ಅದೇ 100ರ ಬೆಟ್, ಗಂಟೆಗೆ 35 ಸುತ್ತು, ಅದೇ 4 ಗಂಟೆ ಆಡಿದರೆ ಪಣ 14,000 ಮಾತ್ರ. ಆದರೆ ಅಲ್ಲಿ ಮನೆಯ ಪಾಲು ಶೇ 5.26 ಆದ್ದರಿಂದ ಥಿಯೊ ಸುಮಾರು 736ಕ್ಕೆ ಏರುತ್ತದೆ. ಇದರಲ್ಲಿ ಶೇ 20ರಿಂದ 40ರಷ್ಟನ್ನು ಸವಲತ್ತಿನ ರೂಪದಲ್ಲಿ ವಾಪಸು ಕೊಡುವುದು ಬಹಳ ಕಡೆ ಇರುವ ರೂಢಿ. ಹಾಗಾಗಿ ರೂಲೆಟ್ ಆಡಿದವರಿಗೆ ದೊಡ್ಡ ಊಟವೇ ಸಿಗಬಹುದು, ಆದರೆ ಅವರ ಜೇಬಿನಿಂದ ಹೋಗುವುದೂ ಸರಾಸರಿಯಲ್ಲಿ ಮೂರು ಪಟ್ಟು. ಕಾಂಪ್‌ಗೋಸ್ಕರ ಬೆಟ್ ಏರಿಸುವುದು ಯಾವ ಲೆಕ್ಕದಲ್ಲೂ ಕೂಡಿಬರುವುದಿಲ್ಲ.

ಕ್ಲಬ್ ಕೌಂಟರ್

ನಿಮ್ಮ ಆಟವನ್ನು ಲೆಕ್ಕವಿಡುವ ಸದಸ್ಯತ್ವದ ಕಾರ್ಡ್ ಮಾಡಿಸುವುದು ಇಲ್ಲಿ. ಕಾರ್ಡ್ ಇಲ್ಲದೆ ಆಡಿದ ಆಟ ಲೆಕ್ಕಕ್ಕೆ ಸೇರುವುದು ಕಷ್ಟ, ಸ್ಲಾಟ್ ಮಷೀನ್‌ನಲ್ಲಂತೂ ಬಹುತೇಕ ಸಾಧ್ಯವೇ ಇಲ್ಲ. ಪಾಯಿಂಟ್ ಎಷ್ಟಿದೆ, ಅದಕ್ಕೆ ಏನು ಸಿಗುತ್ತದೆ, ನಿಮ್ಮ ಹೆಸರಿಗೆ ಬಂದಿರುವ ಆಫರ್ ಯಾವುದು ಎಂಬುದನ್ನೆಲ್ಲ ಇಲ್ಲಿ ಹೇಳುತ್ತಾರೆ. ಹಳೆಯ ಕಾರ್ಡ್ ಕಳೆದುಹೋಯಿತೆಂದು ಬೇರೆ ಫೋನ್ ನಂಬರ್ ಕೊಟ್ಟು ಹೊಸ ಖಾತೆ ತೆರೆದಿದ್ದರೆ ನಿಮ್ಮ ಆಟ ಎರಡು ಕಡೆ ಹಂಚಿಹೋಗಿರುತ್ತದೆ. ಎರಡನ್ನೂ ಒಂದು ಮಾಡಿಸಿ. ಗಂಡ ಹೆಂಡತಿ ಇಬ್ಬರೂ ಆಡುವವರಾದರೆ ಇಬ್ಬರ ಖಾತೆಗಳನ್ನು ಜೋಡಿಸುವ ಸೌಲಭ್ಯ ಇದೆಯೇ ಎಂದೂ ಕೇಳಿ. ಒಬ್ಬರ ಕಾರ್ಡಿನಲ್ಲಿ ಇನ್ನೊಬ್ಬರು ಆಡುವುದಕ್ಕೆ ಹಲವು ಕಡೆ ಅವಕಾಶವಿಲ್ಲ.

ಫ್ಲೋರ್ ಸೂಪರ್‌ವೈಸರ್

ಟೇಬಲ್ ಆಟದವರಿಗೆ ಎಲ್ಲಕ್ಕಿಂತ ಮುಖ್ಯವಾದ ವ್ಯಕ್ತಿ ಇವರೇ. ಬಹುಪಾಲು ಜನ ಇವರನ್ನು ತಲೆಯೆತ್ತಿಯೂ ನೋಡುವುದಿಲ್ಲ. ನೀವು ಎಷ್ಟು ಹಣ ಕೊಟ್ಟು ಕೂತಿರಿ, ಸರಾಸರಿ ಬೆಟ್ ಎಷ್ಟು, ಎಷ್ಟು ಹೊತ್ತಿಗೆ ಬಂದು ಎಷ್ಟು ಹೊತ್ತಿಗೆ ಎದ್ದಿರಿ ಎಂದು ದಾಖಲಿಸುವುದು ಇವರ ಕೆಲಸ. ಇದೇ ರೇಟಿಂಗ್. ಮುಂದೆ ಹೋಸ್ಟ್ ತನ್ನ ಪರದೆಯಲ್ಲಿ ನೋಡುವುದು ಈ ದಾಖಲೆಯನ್ನೇ. ಇಲ್ಲಿ ತಪ್ಪಾದರೆ ಮೇಲೆ ಯಾರನ್ನು ಕೇಳಿಯೂ ಪ್ರಯೋಜನವಿಲ್ಲ.

ಆದ್ದರಿಂದ ಚಿಪ್ಸ್ ಕೊಳ್ಳಲು ಹಣ ಇಡುವಾಗಲೇ ಜೊತೆಗೆ ಕಾರ್ಡ್ ಇಡಿ. ಡೀಲರ್ ಅದನ್ನು ಸೂಪರ್‌ವೈಸರ್‌ಗೆ ಮುಟ್ಟಿಸುತ್ತಾರೆ. ಅರ್ಧ ಗಂಟೆ ಆಡಿದ ಮೇಲೆ ಕೊಡೋಣ ಎಂದರೆ ಆ ಅರ್ಧ ಗಂಟೆ ಹೋದ ಹಾಗೆಯೇ. ಒಬ್ಬರೇ ಸೂಪರ್‌ವೈಸರ್ ಹಲವು ಟೇಬಲ್‌ಗಳನ್ನು ನೋಡಿಕೊಳ್ಳುವುದರಿಂದ ನಿಮ್ಮ ಬೆಟ್ ಅವರ ಕಣ್ಣಿಗೆ ಬೀಳುವುದು ಆಗೊಮ್ಮೆ ಈಗೊಮ್ಮೆ. 50ರಿಂದ 150ರವರೆಗೆ ಏರಿಳಿಸಿ ಆಡುವವರನ್ನು 50ರ ಲೆಕ್ಕದಲ್ಲೇ ಬರೆದುಕೊಂಡಿರಬಹುದು. ಬಿಡುವಾಗಿದ್ದಾಗ “ನನ್ನ ಸರಾಸರಿ ಎಷ್ಟು ಹಾಕಿದ್ದೀರಿ?” ಎಂದು ಕೇಳುವುದರಲ್ಲಿ ತಪ್ಪಿಲ್ಲ. ಕಡಿಮೆ ಅನ್ನಿಸಿದರೆ ಆಗಲೇ ಹೇಳಿ, ಮರುದಿನ ಹೇಳಿದರೆ ಯಾರೂ ತಿದ್ದುವುದಿಲ್ಲ.

ಒಂದೆರಡು ಗಂಟೆ ಆಡಿದ ಮೇಲೆ ಸಾಧಾರಣ ರೆಸ್ಟೋರೆಂಟ್‌ನ ಇಬ್ಬರ ಊಟವನ್ನು ಇವರ ಹತ್ತಿರವೇ ಕೇಳಬಹುದು. ತಮ್ಮ ಕೈಯಲ್ಲಿಲ್ಲದಿದ್ದರೆ ತಮ್ಮ ಮೇಲಿನವರಾದ ಪಿಟ್ ಮ್ಯಾನೇಜರ್‌ರನ್ನು ಕೇಳಿ ಹೇಳುತ್ತಾರೆ. ಶಿಫ್ಟ್ ಬದಲಾಗುವ ಹೊತ್ತಿನಲ್ಲಿ ಮಾತ್ರ ಕೇಳಬೇಡಿ. ಹೊರಡುವವರಿಗೆ ಅವಸರ, ಬರುವವರಿಗೆ ನಿಮ್ಮ ಪರಿಚಯವಿಲ್ಲ. ರೂಮಿನ ವಿಷಯವನ್ನೂ ಇಲ್ಲಿ ಎತ್ತಬೇಡಿ, ಅದು ಹೋಸ್ಟ್ ಕೆಲಸ.

ಹೋಸ್ಟ್ ಯಾರು, ಹೇಗೆ ಆರಿಸಬೇಕು?

ರೂಮು, ದುಬಾರಿ ರೆಸ್ಟೋರೆಂಟ್, ಶೋ ಟಿಕೆಟ್, ತಡವಾದ ಚೆಕ್‌ಔಟ್, ಟೂರ್ನಮೆಂಟ್ ಆಹ್ವಾನ, ಬಿಲ್ ಮನ್ನಾ, ಇವೆಲ್ಲ ಹೋಸ್ಟ್ ವ್ಯಾಪ್ತಿಗೆ ಬರುತ್ತವೆ. ವಿಐಪಿ ಡೆಸ್ಕ್‌ನವರು ಬುಕಿಂಗ್ ಮಾಡಿಕೊಡುತ್ತಾರೆ, ನಿರ್ಧಾರ ಅವರದಲ್ಲ.

ಮೊದಲು ಕ್ಲಬ್ ಕೌಂಟರ್‌ನಲ್ಲಿ “ನನ್ನ ಖಾತೆಗೆ ಯಾರಾದರೂ ಹೋಸ್ಟ್ ಇದ್ದಾರೆಯೇ?” ಎಂದು ಕೇಳಿ. ಎಷ್ಟೋ ಸಲ ನಿಮಗೆ ಗೊತ್ತಿಲ್ಲದಂತೆ ಯಾರದೋ ಹೆಸರು ಸೇರಿರುತ್ತದೆ. ಹಾಗಿದ್ದಾಗ ಬೇರೆ ಹೋಸ್ಟ್ ಹತ್ತಿರ ಹೋದರೆ ಅವರು ಕೈ ಹಾಕುವುದಿಲ್ಲ, ಇನ್ನೊಬ್ಬರ ಗಿರಾಕಿಯನ್ನು ಸೆಳೆದಂತಾಗುತ್ತದೆ ಎಂಬ ಸಂಕೋಚ. ಯಾರೂ ಇಲ್ಲದಿದ್ದರೆ ಒಂದು ದಿನದ ಆಟ ದಾಖಲಾದ ಮೇಲೆ ಭೇಟಿ ಕೇಳಿ. ಪರದೆಯಲ್ಲಿ ಏನೂ ಇಲ್ಲದಿದ್ದಾಗ ಹೋಸ್ಟ್ ಕೂಡ ಏನು ತಾನೇ ಕೊಟ್ಟಾರು?

ಸ್ಲಾಟ್ ಆಡುವವರು ಸ್ಲಾಟ್ ಹೋಸ್ಟ್‌ರನ್ನೂ ಟೇಬಲ್ ಆಡುವವರು ಆ ಕಡೆಯ ಹೋಸ್ಟ್‌ರನ್ನೂ ಕೇಳುವುದು ಸರಿ. ದೊಡ್ಡ ಹುದ್ದೆಯ ಎಕ್ಸಿಕ್ಯೂಟಿವ್ ಹೋಸ್ಟ್ ಸಿಕ್ಕರೆ ಒಳ್ಳೆಯದು ಎಂದು ಹಲವರು ತಿಳಿಯುತ್ತಾರೆ. ಮಧ್ಯಮ ಮಟ್ಟದ ಆಟಗಾರರಿಗೆ ಇದು ತಿರುಗುಬಾಣವಾಗುವುದೇ ಹೆಚ್ಚು. ಅವರ ಪಟ್ಟಿಯ ತುಂಬ ಭಾರಿ ಕುಳಗಳಿರುವಾಗ ನಿಮ್ಮ ಮೆಸೇಜ್‌ಗೆ ಉತ್ತರ ಬರುವುದು ವಾರದ ಮೇಲೆ. ಹೊಸದಾಗಿ ಪಟ್ಟಿ ಕಟ್ಟಿಕೊಳ್ಳುತ್ತಿರುವ ಕಿರಿಯ ಹೋಸ್ಟ್‌ಗೆ ಅಧಿಕಾರ ಸ್ವಲ್ಪ ಕಡಿಮೆ ಇದ್ದರೂ ಗಮನ ಹೆಚ್ಚು. ಒಂದು ದಿನದೊಳಗೆ ಉತ್ತರಿಸುವವರು, “ಈ ಸಲ ಆಗುವುದಿಲ್ಲ, ಇಷ್ಟು ಆಟ ಇದ್ದರೆ ಆಗುತ್ತದೆ” ಎಂದು ನೇರವಾಗಿ ಹೇಳುವವರು, ರಜೆಯ ದಿನ ಯಾರಿಗೆ ಫೋನ್ ಮಾಡಬೇಕೆಂದು ತಿಳಿಸುವವರು ಸಿಕ್ಕರೆ ಬಿಡಬೇಡಿ.

ಸ್ನೇಹದಿಂದ ಮಾತಾಡುವುದು ಅವರ ಕೆಲಸದ ಭಾಗ ಎಂಬುದೂ ನೆನಪಿರಲಿ. ನಿಮ್ಮ ಆಟದ ಮೇಲೆ ಅವರ ಬೋನಸ್ ನಿಂತಿರುವುದುಂಟು. “ಯಾವಾಗ ಬರುತ್ತೀರಿ?” ಎಂಬ ಕರೆಗಳು ಹೆಚ್ಚಾದರೆ ಫೋನ್ ಮಾಡಬೇಡಿ ಎಂದು ಹೇಳಿಬಿಡಿ. ಆಟ ಕೈಮೀರುತ್ತಿದೆ ಅನ್ನಿಸಿದರೆ ಸ್ವಯಂ ನಿಷೇಧಕ್ಕೆ, ಅಂದರೆ ನನ್ನನ್ನು ಆಡಲು ಬಿಡಬೇಡಿ ಎಂದು, ಅರ್ಜಿ ಕೊಡಬಹುದು. ಅದಾದ ಮೇಲೆ ಸಾಮಾನ್ಯವಾಗಿ ಹೋಸ್ಟ್ ನಿಮ್ಮನ್ನು ಸಂಪರ್ಕಿಸುವಂತಿಲ್ಲ.

ಬರುವ ಮುನ್ನ, ಹೊರಡುವ ಮುನ್ನ

ಬರುವ ಎರಡು ಮೂರು ವಾರ ಮೊದಲೇ ಹೋಸ್ಟ್‌ಗೆ ಬರೆಯಿರಿ. “ಏನಾದರೂ ಸಿಗುತ್ತದಾ?” ಎಂದರೆ ಉತ್ತರವೂ ಅಷ್ಟೇ ಹಾರಿಕೆಯದಾಗಿರುತ್ತದೆ. “ಇಂಥ ತಾರೀಖಿಗೆ ಎರಡು ರಾತ್ರಿ, ಇಬ್ಬರು. ಹೋದ ಸಲದ ಆಟ ನೋಡಿ ರೂಮು ಕೊಡಲಾಗುತ್ತದೆಯೇ? ಊಟದ ಬಿಲ್ ರೂಮಿಗೇ ಹಾಕಿಸಲೇ?” ಎಂದು ಬಿಡಿಸಿ ಕೇಳಿ. ಅಂಚೆಯಲ್ಲೋ ಮೇಲ್‌ನಲ್ಲೋ ಬಂದ ಆಫರ್ ಇದ್ದರೆ ಅದನ್ನೂ ತಿಳಿಸಿ. ಆಫರ್ ಮತ್ತು ಹೋಸ್ಟ್ ಕೊಡುವುದು ಎರಡನ್ನೂ ಒಟ್ಟಿಗೆ ಬಳಸಲು ಸಾಮಾನ್ಯವಾಗಿ ಬಿಡುವುದಿಲ್ಲ, ಯಾವುದು ಲಾಭ ಎಂದು ಅವರೇ ಹೇಳುತ್ತಾರೆ. ಆಟಗಾರರನ್ನು ಕ್ಯಾಸಿನೊಗೆ ಕರೆತರುವ ಜಂಕೆಟ್ ಏಜೆಂಟ್ ಮೂಲಕ ಬಂದಿದ್ದರೆ ಮಾತುಕತೆ ಅವರೊಂದಿಗೇ ಆಗಬೇಕು, ನಿಮ್ಮ ಆಟದ ಮೇಲೆ ಅವರಿಗೆ ಕಮಿಷನ್ ಇರುತ್ತದೆ.

ಹೋಟೆಲ್‌ನಲ್ಲಿ ಉಳಿದುಕೊಂಡಿರುವಾಗ ಅಲ್ಲಿನ ರೆಸ್ಟೋರೆಂಟ್ ಬಿಲ್‌ಗಳನ್ನು ರೂಮಿನ ಖಾತೆಗೇ ಬರೆಸಿ. ಕೈಯಿಂದ ಕೊಟ್ಟ ಹಣ ವಾಪಸು ಬರುವುದು ಅಪರೂಪ. ಚೆಕ್‌ಔಟ್‌ಗೆ ಕೆಲವು ಗಂಟೆ ಮೊದಲು ಹೋಸ್ಟ್‌ಗೆ ಫೋನ್ ಮಾಡಿ “ಬಿಲ್ ಒಮ್ಮೆ ನೋಡುತ್ತೀರಾ?” ಎನ್ನಿ. ಅದಕ್ಕೆ ಮುಂಚೆ ಪಾಯಿಂಟ್ ಖರ್ಚು ಮಾಡಬೇಡಿ. ಹೋಸ್ಟ್ ತಮ್ಮ ಅಧಿಕಾರದಲ್ಲಿ ತೆಗೆಯಬಹುದಾದ್ದನ್ನು ತೆಗೆಯಲಿ, ಮಿಕ್ಕದ್ದಕ್ಕೆ ಪಾಯಿಂಟ್ ಬಳಸಿದರಾಯಿತು. ಅಂಗಡಿಯಲ್ಲಿ ಕೊಂಡ ಸಾಮಾನು, ಸ್ಪಾ ಬಿಲ್ ಮನ್ನಾ ಆಗುವ ಸಂಭವ ಕಡಿಮೆ.

ಇನ್ನೊಂದು ತಪ್ಪು ಹಲವರ ಗಮನಕ್ಕೇ ಬರುವುದಿಲ್ಲ. ಬಹಳ ಕಡೆ ದಿನವೊಂದರ ಸರಾಸರಿ ಥಿಯೊ ನೋಡಿ ಮುಂದಿನ ಆಫರ್ ನಿರ್ಧರಿಸುತ್ತಾರೆ. ಎರಡು ದಿನ 400ರಷ್ಟು ಥಿಯೊ ಬರುವಂತೆ ಆಡಿ, ಹೊರಡುವ ದಿನ ಬೆಳಿಗ್ಗೆ ಕಾರ್ಡ್ ಹಾಕಿ ಹತ್ತು ನಿಮಿಷ ಆಡಿ 10 ಬರೆಸಿಕೊಂಡರೆ ಸರಾಸರಿ 400ರಿಂದ 270ಕ್ಕೆ ಇಳಿಯುತ್ತದೆ. ಕ್ಯಾಸಿನೊದ ದಿನ ನಡುರಾತ್ರಿಗೇ ಮುಗಿಯಬೇಕೆಂದಿಲ್ಲ, ಬೆಳಗಿನ ಜಾವದವರೆಗೂ ನಡೆಯಬಹುದು. ಎಷ್ಟು ಗಂಟೆಗೆ ದಿನ ಬದಲಾಗುತ್ತದೆ ಎಂದು ಕ್ಲಬ್ ಕೌಂಟರ್‌ನಲ್ಲಿ ವಿಚಾರಿಸಿ.

ಹೋಸ್ಟ್‌ಗೆ ನಗದು ಇನಾಮು ಕೊಡಲು ಹೋಗಬೇಡಿ, ಅನೇಕ ಕಡೆ ಅವರು ಪಡೆಯುವಂತಿಲ್ಲ. ಅವರ ಮೇಲಧಿಕಾರಿಗೆ ನಾಲ್ಕು ಸಾಲು ಮೆಚ್ಚುಗೆ ಬರೆದರೆ ಹೆಚ್ಚು ಉಪಯೋಗ. ಅವರು ಕೆಲಸ ಬಿಟ್ಟು ಬೇರೆ ಕ್ಯಾಸಿನೊ ಸೇರಿದರೂ ನಿಮ್ಮ ಆಟದ ದಾಖಲೆ ಹಳೆಯ ಜಾಗದಲ್ಲೇ ಉಳಿಯುತ್ತದೆ. ಉತ್ತರ ಬರುವುದು ನಿಂತಿತೆಂದರೆ ಸುಮ್ಮನೆ ಕಾಯದೆ ಕ್ಲಬ್ ಕೌಂಟರ್‌ಗೆ ಫೋನ್ ಮಾಡಿ, ಈಗ ನಿಮ್ಮ ಖಾತೆ ಯಾರ ಹೆಸರಿನಲ್ಲಿದೆ ಎಂದು ಕೇಳಿಕೊಳ್ಳಿ.